ಕಡ್ಡಿ ಪೈಲ್ವಾನನೂ ಕನ್ನಡಿಯೂ

ಈ ಸಲ ಗೌರಿ ಹಬ್ಬಕ್ಕೆ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯವರಿಗೆ ಗೊತ್ತಿರತ್ತೆ, ಆ ತಿಂಗಳಲ್ಲಿ ನಮ್ಮ ಸೀಮೆಯ ವಾಸನೆಯೇ ಬೇರೆ. ಹೊಗೆಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ಏರಿಸಿ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಉರಿ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಹಬ್ಬದ ಹಿಂದಿನ ರಾತ್ರಿ ಚಿಕ್ಕಪ್ಪನಿಗೆ ಸ್ವಲ್ಪ ಮಲಗಿಕೊಳ್ಳಿ ಅಂತ ಹೇಳಿ ನಾನೇ ಬ್ಯಾರನ್ ಕಡೆ ಹೊರಟೆ.

ಒಲೆಯ ಬಾಯಿಯ ಮುಂದೆ ಯಾರೋ ಕೂತಿದ್ದರು. ಹತ್ತಿರ ಹೋಗಿ ನೋಡಿದರೆ ಚಿಕ್ಕಪ್ಪನ ಮಗ, ಎರಡನೇ ಪಿಯುಸಿ ಓದ್ತಿರೋ ನನ್ನ ತಮ್ಮ. ಎರಡು ಸ್ವೆಟರ್, ಅದರ ಮೇಲೆ ಮಳೆಗೆ ಹಾಕೋ ರೈನ್‌ಕೋಟು. ಒಲೆಯ ಕಾವಿಗೆ ನನಗೆ ಮೂರು ಮಾರು ದೂರದಲ್ಲೇ ಮುಖ ಸುಡ್ತಿತ್ತು.

"ಯಾಕ್ಲಾ, ಜ್ವರವಾ?" ಅಂದೆ.

"ಇಲ್ಲ ಅಣ್ಣ. ತೂಕ. ಇನ್ನೂ ಎಂಟ್ನೂರು ಗ್ರಾಮ್ ಇಳೀಬೇಕು."

ಅವನು ಕಾಲೇಜಿನಲ್ಲಿ ಕುಸ್ತಿ ಆಡ್ತಾನೆ. ನಾಡಿದ್ದು ಆಯ್ಕೆ, 57 ಕೆಜಿ ವಿಭಾಗ. ನಿನ್ನೆಯಿಂದ ನೀರು ಕುಡಿದಿಲ್ಲವಂತೆ. ಹಬ್ಬದ ಮನೆಯಲ್ಲಿ ಹೊಟ್ಟೆ ಸರಿಯಿಲ್ಲ ಅಂತ ಅವ್ವನಿಗೆ ಸುಳ್ಳು ಹೇಳಿ ಊಟ ಬಿಟ್ಟಿದ್ದಾನೆ. ಏಳು ಒಳಗೆ ಹೋಗೋಣ ಅಂತ ಕೈ ಹಿಡಿದು ಎಬ್ಬಿಸಿದೆ. ಎದ್ದವನು ಹಾಗೇ ವಾಲಿ ನನ್ನ ಮೇಲೆ ಬಿದ್ದ. ಪುಣ್ಯ, ಒಲೆ ಕಡೆಗೆ ಬೀಳಲಿಲ್ಲ.

ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿ ಪಾನಕ ಮಾಡಿ ತಂದುಕೊಟ್ಟರೆ ಕುಡಿಯಲ್ಲ ಅಂತ ಹಟ. "ಕುಡಿದ್ರೆ ಅಷ್ಟೂ ತೂಕ ವಾಪಸ್ ಬತ್ತದೆ ಅಣ್ಣ" ಅಂತ ಅಳು ಬೇರೆ. ಕೊನೆಗೆ ಬೈದು ಕುಡಿಸಿದೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವನೇ ಫೋನ್ ತೆಗೆದು ಒಬ್ಬ ಹುಡುಗನ ಫೋಟೋ ತೋರಿಸಿದ. ತೋಳು ಅಂದ್ರೆ ತೋಳು, ಹೊಟ್ಟೆ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ. "ನನ್ ಮೈ ಯಾಕಣ್ಣ ಹಿಂಗಿಲ್ಲ? ಬೆಂಗ್ಳೂರಲ್ಲಿ ಇಂಜೆಕ್ಷನ್ ಸಿಕ್ತದಂತಲ್ಲ, ಎಷ್ಟಾಯ್ತದೆ?" ಅಂತ ಕೇಳಿದ. ಆಗ ನನಗೆ ಇನ್ನೊಂದು ವಿಷಯ ಹೊಳೀತು. ಮಧ್ಯಾಹ್ನ ಆ ಸೆಖೆಯಲ್ಲಿ ಎಲ್ಲರೂ ಅಂಗಿ ಬಿಚ್ಚಿ ಸೊಪ್ಪು ಏರಿಸ್ತಿದ್ದರೆ ಇವನೊಬ್ಬನೇ ತುಂಬು ತೋಳಿನ ಅಂಗಿಯಲ್ಲಿದ್ದ.

ಪಾಪ, ತಕ್ಕಡಿ ಅವನಿಗೆ ನೀನು ಜಾಸ್ತಿ ಅನ್ನತ್ತೆ, ಕನ್ನಡಿ ನೀನು ಕಡಿಮೆ ಅನ್ನತ್ತೆ. ಎರಡರ ಮಧ್ಯೆ ಸಿಕ್ಕಿಕೊಂಡ ಹುಡುಗ ಸ್ವೆಟರ್ ಹಾಕಿಕೊಂಡು ಬೆಂಕಿ ಮುಂದೆ ಕೂತಿದ್ದ.

ಅವನಿಗೆ ಬುದ್ಧಿ ಹೇಳೋ ಯೋಗ್ಯತೆ ನನಗಿಲ್ಲ ಬಿಡಿ. ಹಾಸ್ಟೆಲಿನಲ್ಲಿ ನನ್ನ ಅಡ್ಡಹೆಸರೇ 'ಕಡ್ಡಿ ಪೈಲ್ವಾನ್'. ಕೆಲಸ ಸಿಕ್ಕಿದ ಮೊದಲ ವರ್ಷ ಬೆಂಗಳೂರಿನ ಒಂದು ಜಿಮ್ಮಿಗೆ ಇಡೀ ವರ್ಷದ ಫೀಸು ಕಟ್ಟಿದೆ. ನಾಲ್ಕೂ ಗೋಡೆಗೆ ಕನ್ನಡಿ. ಅಲ್ಲಿನ ತರಬೇತುದಾರ ದೊಡ್ಡ ಡಬ್ಬವೊಂದನ್ನು ಮಾರಿದ. ತಿಂಗಳಿಗೆ ನಮ್ಮಪ್ಪ ಗೊಬ್ಬರಕ್ಕೆ ಹಾಕೋವಷ್ಟು ದುಡ್ಡು. ಮೂರು ತಿಂಗಳಿಗೆ ಬೆನ್ನ ತುಂಬ ಮೊಡವೆ, ಹೊಟ್ಟೆ ಕೆಟ್ಟಿದ್ದೇ ಲಾಭ. ದಿನಾ ಕನ್ನಡಿ ನೋಡ್ತಾ ನೋಡ್ತಾ ಮೊದಲಿಗಿಂತ ಸಣ್ಣ ಕಾಣೋಕೆ ಶುರುವಾದೆ. ಎರಡು ಕೆಜಿ ಹೆಚ್ಚಾಗಿದ್ದೆ ಅನ್ನೋದು ಬೇರೆ ಮಾತು! ಆಮೇಲೆ ಬಿಟ್ಟುಬಿಟ್ಟೆ. ಆದರೆ ಇವತ್ತಿಗೂ ಗೆಳೆಯರ ಜೊತೆ ಈಜೋಕೆ ಹೋದರೆ ಕೊನೆಗೆ ನೀರಿಗಿಳಿಯೋನು ನಾನೇ.

ಆ ರಾತ್ರಿ ಬೆಂಕಿ ಕಾಯ್ತಾ ನೆನಪಾಗಿದ್ದು ನಮ್ಮ ತಾತ. ತಾತ ಪೈಲ್ವಾನರು. ನಡುಮನೆ ಗೋಡೆ ಮೇಲೆ ಅವರದೊಂದು ಫೋಟೋ ಇದೆ, ಮೈಸೂರಿನ ಸ್ಟುಡಿಯೋದಲ್ಲಿ ಲಂಗೋಟಿ ಕಟ್ಟಿ, ಗದೆ ಹಿಡಿದು ತೆಗೆಸಿಕೊಂಡಿದ್ದು. ಈಗಿನ ಲೆಕ್ಕದಲ್ಲಿ ಅದು 'ಬಾಡಿ'ಯೇ ಅಲ್ಲ. ಹೊಟ್ಟೆ ದುಂಡಗಿದೆ. ಎದೆಯಲ್ಲಿ ಗೆರೆಗಳಿಲ್ಲ. ಒಂದು ಕಿವಿ ಹೂಕೋಸಿನ ಹಾಗೆ ಮುದುಡಿ ಹೋಗಿದೆ. ಆದರೆ ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ! ಆ ಕಿವಿ ಬಗ್ಗೆ ಚಿಕ್ಕಂದಿನಲ್ಲಿ ಕೇಳಿದಾಗ "ಅದು ನನ್ ಸರ್ಟಿಫಿಕೇಟು ಕಣ್ಲಾ" ಅಂದಿದ್ದರು. ತಾತ ಜೀವಮಾನದಲ್ಲಿ ತಕ್ಕಡಿ ಮೇಲೆ ನಿಂತಿದ್ದು ಸಕ್ಕರೆ ಕಾಯಿಲೆ ಬಂದು ಆಸ್ಪತ್ರೆಗೆ ಹೋದಾಗ ಮಾತ್ರ.

ತೂಕ ನೋಡದೆ ಕುಸ್ತಿ ಹೇಗೆ ಆಡಿಸ್ತಿದ್ದರು? ಮೈಸೂರು ಸೀಮೆಯಲ್ಲಿ ಅದಕ್ಕೆ 'ಜೋಡಿ ಕಟ್ಟೋದು' ಅಂತಾರೆ. ಪೈಲ್ವಾನರನ್ನು ಸಾಲಾಗಿ ನಿಲ್ಲಿಸಿ, ಹಿರಿಯ ವಸ್ತಾದರು ವಯಸ್ಸು, ಮೈಕಟ್ಟು, ಅನುಭವ ನೋಡಿ ಇವನಿಗೆ ಇವನು ಸರಿಜೋಡಿ ಅಂತ ಕೈಗೆ ಕೈ ಕೊಡಿಸ್ತಾರೆ. ದಸರಾ ನಾಡಕುಸ್ತಿಗೆ ಈಗಲೂ ಮುಂಚಿತವಾಗಿ ಜೋಡಿ ಕಟ್ಟುತ್ತಾರೆ. ನಂತರ ದೊಡ್ಡಕೆರೆ ಮೈದಾನದ ಡಿ. ದೇವರಾಜ ಅರಸು ಕ್ರೀಡಾಂಗಣದಲ್ಲಿ ಪಂದ್ಯ. ನೋಡೋ ಕಣ್ಣು ಅಲ್ಲೂ ಇದೆ. ಆದರೆ ಆ ಕಣ್ಣು ಈ ಮೈ ಚೆಂದವಾ ಅಂತ ಕೇಳಲ್ಲ, ಈ ಮೈ ಯಾರ ಜೊತೆ ಆಡಬಹುದು ಅಂತ ಕೇಳತ್ತೆ. ನನಗೆ ಇದು ದೊಡ್ಡ ವ್ಯತ್ಯಾಸ ಅನ್ನಿಸ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೂ ತಲೆಯಿಂದ ಹೋಗಲಿಲ್ಲ. ನಮ್ಮ ನಾಡಿನ ಗಂಡಸರು, ಅದರಲ್ಲೂ ಮೈಯನ್ನೇ ನಂಬಿ ಬದುಕಿದ ಆಟಗಾರರು, ತಮ್ಮ ಮೈಯನ್ನು ಹೇಗೆ ನೋಡಿಕೊಳ್ತಿದ್ದರು ಅಂತ ಓದೋಕೆ ಕೂತೆ.

ಶುರು ಮಾಡಬೇಕಾದ ಜಾಗ ನಮ್ಮ ತಾಲ್ಲೂಕಿನಲ್ಲೇ ಇದೆ. ಹುಣಸೂರು ತಾಲ್ಲೂಕು ಬಿಳಿಕೆರೆ ಹೋಬಳಿಯ ಗೊಮ್ಮಟಗಿರಿ. ಸಣ್ಣದೊಂದು ಬಂಡೆ ಗುಡ್ಡ, ಅದರ ತುದಿಯಲ್ಲಿ ಹದಿನೆಂಟಿಪ್ಪತ್ತು ಅಡಿಯ ಬಾಹುಬಲಿ. ಶ್ರವಣಬೆಳಗೊಳದ ಸುಮಾರು 58 ಅಡಿಯ ಮೂರ್ತಿ 981ರ ಹೊತ್ತಿನದು. ನಮ್ಮದು ಅದಕ್ಕಿಂತ ಎಷ್ಟೋ ಚಿಕ್ಕವನು, ವಯಸ್ಸಲ್ಲೂ ಎತ್ತರದಲ್ಲೂ. ಕಥೆ ನಿಮಗೆ ಗೊತ್ತು. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲೂ ಇದೆ. ಭರತನಿಗೂ ಬಾಹುಬಲಿಗೂ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಗೆದ್ದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿದ. ಅಂದರೆ ಕನ್ನಡ ನಾಡಿನಲ್ಲಿ ಅತಿ ಎತ್ತರಕ್ಕೆ ಕಡೆದು ನಿಲ್ಲಿಸಿರೋ ಗಂಡಸಿನ ಮೈ ಒಬ್ಬ ಗೆದ್ದ ಕುಸ್ತಿಪಟುವಿನದು! ಆದರೂ ಅದರಲ್ಲಿ ಉಬ್ಬಿದ ತೋಳಿಲ್ಲ, ಹೊಟ್ಟೆ ಮೇಲೆ ಗೆರೆಗಳಿಲ್ಲ. ಮೆತ್ತಗೆ, ಸಡಿಲವಾಗಿ, ಬಟ್ಟೆಯಿಲ್ಲದೆ, ನಾಚಿಕೆಯಿಲ್ಲದೆ ನಿಂತಿದೆ. ಇದನ್ನು ಕಡೆದವರು ಮನಸ್ಸಿನಲ್ಲಿಟ್ಟುಕೊಂಡಿದ್ದು ವೈರಾಗ್ಯ, ವ್ಯಾಯಾಮ ಅಲ್ಲ, ಒಪ್ಪಿದೆ. ಆದರೂ ಅಂಗಿ ಬಿಚ್ಚೋಕೆ ಹೆದರೋ ಹುಡುಗರಿರೋ ತಾಲ್ಲೂಕಿನಲ್ಲಿ ಆ ಮೂರ್ತಿ ನಿಂತಿರೋದು ನನಗೆ ಯೋಚನೆಗೆ ಹಚ್ಚಿತು.

ಆಮೇಲೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ. 12ನೇ ಶತಮಾನದ ಅವನ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ವಯಸ್ಸು, ಮೈಕಟ್ಟು, ಬಲ ನೋಡಿ ಜಟ್ಟಿಗಳನ್ನು ಜ್ಯೇಷ್ಠಿಕ ಮುಂತಾದ ದರ್ಜೆಗಳಾಗಿ ವಿಂಗಡಿಸೋದು, ಅವರಿಗೆ ಎಂಥ ಊಟ ಕೊಡಬೇಕು, ಯಾವ ಯಾವ ಸಾಧನೆ ಮಾಡಿಸಬೇಕು ಅನ್ನೋದೆಲ್ಲ ಅಲ್ಲಿದೆ. ಮೈಯನ್ನು ಅಳೆಯೋದು ಇವತ್ತಿನ ಜಿಮ್ಮಿನವರು ಕಂಡುಹಿಡಿದಿದ್ದೇನಲ್ಲ. ಆದರೆ ಅಲ್ಲಿ ಅಳೆಯೋದರ ಜೊತೆಗೆ ಊಟ ಹಾಕೋ ಜವಾಬ್ದಾರಿಯೂ ಅಳೆಯೋನದೇ ಆಗಿತ್ತು.

ಮೈಸೂರಿನ ಕಡೆ ಬಂದರೆ ಕಂಠೀರವ ನರಸರಾಜ ಒಡೆಯರು (1638-1659). ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಹೆಸರಾಂತ ಜಟ್ಟಿಯನ್ನು ಸೋಲಿಸಿದರು ಅನ್ನೋ ಐತಿಹ್ಯ ನಮ್ಮ ಕಡೆ ಮಕ್ಕಳಿಗೂ ಗೊತ್ತು. 1960ರಲ್ಲಿ ಬಂದ ರಾಜ್‌ಕುಮಾರ್ ಅವರ 'ರಣಧೀರ ಕಂಠೀರವ' ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ವಿಜಯದಶಮಿ ದಿನ ಅರಮನೆಯಲ್ಲಿ ನಡೆಯೋ ವಜ್ರಮುಷ್ಟಿ ಕಾಳಗ ನೋಡಿದ್ದೀರಾ? ಜಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ಮುಳ್ಳಿನಂಥ ಮುಷ್ಟಿ ಹಾಕಿಕೊಂಡು ಇಳೀತಾರೆ. ತಲೆಯಿಂದ ಮೊದಲ ಹನಿ ರಕ್ತ ಬಂತು ಅಂದರೆ ಕಾಳಗ ಮುಗೀತು. ಇದೇ ಜಟ್ಟಿಗಳು ಮುರಿದ ಮೂಳೆ ಕೂಡಿಸೋದರಲ್ಲೂ ಹೆಸರು ಮಾಡಿದ್ದರು. ಮೈಯನ್ನು ಬಡಿಯೋದು ಕಲಿತವರೇ ಅದನ್ನು ರಿಪೇರಿ ಮಾಡೋದನ್ನೂ ಕಲಿತಿದ್ದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಟೆಸ್ಟಿಂಗೂ ಅವರದೇ, ಸಪೋರ್ಟೂ ಅವರದೇ :-)

ಇನ್ನು ಗರಡಿ. ಮೈಸೂರಿನ ಭೂತಪ್ಪನ ಗರಡಿಯಂಥ ದೊಡ್ಡ ಹೆಸರುಗಳನ್ನು ಬಿಡಿ, ಹಳ್ಳಿಗಳಲ್ಲೂ ಒಂದೊಂದು ಇರ್ತಿತ್ತು. ನಮ್ಮೂರಿನದು ಈಗ ಬಾಗಿಲು ಹಾಕಿದೆ. ತಗ್ಗು ಬಾಗಿಲು, ಬಗ್ಗಿ ಒಳಗೆ ಹೋಗಬೇಕು. ಒಳಗೆ ಕೆಮ್ಮಣ್ಣಿನ ಮಟ್ಟಿ. ಅದಕ್ಕೆ ಎಣ್ಣೆ, ಅರಿಸಿನ, ಮಜ್ಜಿಗೆ, ನಿಂಬೆರಸ ಹಾಕಿ ಹದ ಮಾಡ್ತಿದ್ದರಂತೆ. ಗೋಡೆಗೆ ಆಂಜನೇಯನ ಪಟ. ಕನ್ನಡಿ ಇರಲಿಲ್ಲ. ನಿನ್ನ ಮೈ ಹೇಗಿದೆ ಅಂತ ಹೇಳೋಕೆ ಎದುರಿಗೆ ನಿಂತವನಿದ್ದ. ಬೀಳಿಸಿದರೆ ಒಂದು ಉತ್ತರ, ಬಿದ್ದರೆ ಇನ್ನೊಂದು. ಎರಡಾದ ಮೇಲೂ ಒಬ್ಬರ ಬೆನ್ನಿನ ಮಣ್ಣನ್ನು ಒಬ್ಬರು ಒರೆಸಬೇಕು.

ಹಾಗಾದರೆ ಕನ್ನಡಿ ಯಾವಾಗ ಬಂತು? ಕ್ಯಾಮೆರಾ ಜೊತೆ ಬಂತು ಅನ್ನಿ. ಯುರೋಪಿನಲ್ಲಿ ಯೂಜೆನ್ ಸ್ಯಾಂಡೋ ಅನ್ನೋ ಮಹಾಶಯ ಹಳೇ ಗ್ರೀಕ್, ರೋಮನ್ ಶಿಲ್ಪಗಳ ಹಾಗೆ ಮೈ ಬೆಳೆಸಿ, ಫೋಟೋ ತೆಗೆಸಿ ಮಾರಿದ. 1901ರಲ್ಲಿ ಲಂಡನ್ನಿನಲ್ಲಿ ದೇಹದಾರ್ಢ್ಯ ಸ್ಪರ್ಧೆಯನ್ನೇ ನಡೆಸಿದ. 1905ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಅಲ್ಲಿಂದ ಮುಂದೆ ಬಲ ತೋರಿಸೋಕೆ ಯಾರನ್ನೂ ಎತ್ತಬೇಕಾಗಿರಲಿಲ್ಲ, ನಿಂತರೆ ಸಾಕಿತ್ತು. 1910ರಲ್ಲಿ ಇದಕ್ಕೆ ಉತ್ತರ ಕೊಟ್ಟ ಹಾಗೆ ನಮ್ಮ ಗಾಮಾ ಪೈಲ್ವಾನ್ ಲಂಡನ್ನಿಗೆ ಹೋದರು. ಎತ್ತರ ಸುಮಾರು ಐದು ಅಡಿ ಏಳು ಇಂಚು. ಗಿಡ್ಡ ಅಂತ ಮೊದಲು ಪಂದ್ಯಕ್ಕೇ ಸೇರಿಸಲಿಲ್ಲವಂತೆ. ಆಮೇಲೆ ಅಮೆರಿಕದ ಡಾಕ್ಟರ್ ರೋಲರ್ ಅವರನ್ನು ಮಣ್ಣು ಮುಕ್ಕಿಸಿದರು. ಜಿಬಿಸ್ಕೋ ಜೊತೆಗಿನ ಕುಸ್ತಿ ಸಮ ಆಯ್ತು; ಮತ್ತೆ ಆಡೋಕೆ ಕರೆದ ದಿನ ಆತ ಬರಲೇ ಇಲ್ಲ.

ನಮ್ಮ ನಾಡಿನ ಸ್ಯಾಂಡೋ ಅಂದರೆ ಕೆ.ವಿ. ಅಯ್ಯರ್. ಹೌದು, 'ಶಾಂತಲಾ' ಬರೆದ ಅದೇ ಕೆ.ವಿ. ಅಯ್ಯರ್! ನನಗೂ ಇಬ್ಬರೂ ಒಬ್ಬರೇ ಅಂತ ಬಹಳ ದಿನ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ಕಟ್ಟಿದವರು. 1930ರಲ್ಲಿ 'ಮಸಲ್ ಕಲ್ಟ್', 1936ರಲ್ಲಿ 'ಪರ್ಫೆಕ್ಟ್ ಫಿಸೀಕ್' ಅನ್ನೋ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ವಿದೇಶಿ ಪತ್ರಿಕೆಗಳಲ್ಲಿ ಅವರ ಫೋಟೋಗಳು ಬರ್ತಿದ್ದವು. ಅಂಚೆ ಮೂಲಕವೂ ವ್ಯಾಯಾಮ ಪಾಠ ಹೇಳ್ತಿದ್ದರು, ಇವತ್ತಿನ ಆನ್‌ಲೈನ್ ಕೋಚಿಂಗಿನ ಮುತ್ತಾತ ಅಂದ್ಕೊಳ್ಳಿ. ತಮ್ಮ ಮೈ ಬಗ್ಗೆ ಅವರಿಗೆ ಸಂಕೋಚ ಇರಲಿಲ್ಲ, ಸ್ವಲ್ಪ ಹೆಮ್ಮೆ ಜಾಸ್ತಿಯೇ ಇತ್ತು.

ಆದರೆ ಅವರನ್ನು ಬರೀ ಕನ್ನಡಿಯ ಕಡೆಯವರು ಅಂತ ತಳ್ಳಿಹಾಕೋಕೆ ಆಗಲ್ಲ. ಡಂಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಆಸನಗಳನ್ನೂ ಸೇರಿಸಿದರು, 1937ರಲ್ಲಿ ಸೂರ್ಯನಮಸ್ಕಾರದ ಮೇಲೇ ಪುಸ್ತಕ ಬರೆದರು. ನಾಲ್ವಡಿ ಕೃಷ್ಣರಾಜ ಒಡೆಯರೂ ಅವರಿಂದ ವ್ಯಾಯಾಮ ಕಲಿತರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಶಿಷ್ಯರೊಬ್ಬರು ವ್ಯಾಯಾಮಶಾಲೆ ನಡೆಸ್ತಿದ್ದರು. ಅಲ್ಲೇ ಪಕ್ಕದಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲೇ ಬಂತು. ಒಂದೇ ಆವರಣದಲ್ಲಿ ಒಬ್ಬರು ಮೈ ಉಬ್ಬಿಸೋದನ್ನು, ಇನ್ನೊಬ್ಬರು ಮೈ ಬಾಗಿಸೋದನ್ನು ಕಲಿಸ್ತಿದ್ದರು.

ಇನ್ನೊಂದು ವಿಚಿತ್ರ ನೋಡಿ. ಇಷ್ಟೆಲ್ಲ ರೂಪ ಕಟ್ಟಿದ ಮನುಷ್ಯ ಬರೆದ ಮತ್ತೊಂದು ಕಾದಂಬರಿ 'ರೂಪದರ್ಶಿ'. ಚಿತ್ರಕಾರನೊಬ್ಬ ಬಾಲ ಯೇಸುವಿನ ಚಿತ್ರಕ್ಕೆ ಮುದ್ದಾದ ಮಗುವೊಂದನ್ನು ಹುಡುಕಿಕೊಂಡು ಬರ್ತಾನೆ. ಎಷ್ಟೋ ವರ್ಷದ ಮೇಲೆ ಜೂಡಾಸನ ಚಿತ್ರಕ್ಕೆ ಕ್ರೂರ ಮುಖದವನೊಬ್ಬ ಸಿಗ್ತಾನೆ. ಇಬ್ಬರೂ ಒಬ್ಬನೇ. ಸ್ನಾಯುಗಳ ಇಂಚಿಂಚೂ ಬಲ್ಲ ಅಯ್ಯರ್‌ಗೆ ರೂಪ ನಿಲ್ಲೋದಲ್ಲ ಅನ್ನೋದು ಚೆನ್ನಾಗಿ ಗೊತ್ತಿತ್ತು ಅನ್ಸತ್ತೆ.

ಅಲ್ಲಿಂದೀಚೆಗೆ ಕನ್ನಡಿಯದೇ ರಾಜ್ಯ. ಅಮೆರಿಕದ ಹ್ಯಾರಿಸನ್ ಪೋಪ್ ಅನ್ನೋ ಮನೋವೈದ್ಯರು 1999ರಲ್ಲಿ ಮಕ್ಕಳ ಆಟಿಕೆ ಸೈನಿಕರನ್ನು ಅಳೆದು ನೋಡಿದರು. 1964ರ ಜಿ.ಐ. ಜೋ ಬೊಂಬೆಯನ್ನು ನಿಜವಾದ ಮನುಷ್ಯನ ಎತ್ತರಕ್ಕೆ ಬೆಳೆಸಿದರೆ ತೋಳು ಸುಮಾರು 12 ಇಂಚು. 1990ರ ದಶಕದ ಕೊನೆಯಲ್ಲಿ ಬಂದ ಬೊಂಬೆಯದು 26 ಇಂಚು ದಾಟಿತ್ತು! ಇದೇ ಪೋಪ್ ಮತ್ತು ಜೊತೆಯವರು 1993ರಲ್ಲೇ ದೇಹದಾರ್ಢ್ಯ ಪಟುಗಳಲ್ಲಿ ಒಂದು ತೊಂದರೆ ಗುರುತಿಸಿದ್ದರು. ಬೆಟ್ಟದಂಥ ಮೈ ಇದ್ದರೂ ತಾನು ಕಡ್ಡಿ ಅಂತಲೇ ನಂಬೋದು, ದೊಗಲೆ ಅಂಗಿಯಲ್ಲಿ ಮುಚ್ಚಿಕೊಳ್ಳೋದು. ಈಗ ಅದಕ್ಕೆ ಮಸಲ್ ಡಿಸ್ಮಾರ್ಫಿಯಾ ಅಂತಾರೆ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಇದೆ. ಓದಿದಾಗ ನನಗೆ ಆ ನಾಲ್ಕು ಗೋಡೆಯ ಕನ್ನಡಿ ನೆನಪಾಯ್ತು. ನನ್ನದು ಕಾಯಿಲೆ ಅನ್ನೋವಷ್ಟು ಅಲ್ಲ, ಆದರೆ ಅದೇ ದಾರಿಯ ಬಸ್ಸಿಗೆ ಕಾಯ್ತಿದ್ದೆ ಅಷ್ಟೇ.

ತಕ್ಕಡಿಯ ಕಥೆ ಇನ್ನೂ ಭಯಂಕರ. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಸತ್ತರು. ಮಾಡಿದ್ದೇನು? ನೀರು ಬಿಟ್ಟು, ಬೆವರು ಆರದ ಬಟ್ಟೆ ತೊಟ್ಟು, ಬಿಸಿ ಕೋಣೆಯಲ್ಲಿ ಸೈಕಲ್ ತುಳಿದು ತೂಕ ಇಳಿಸೋಕೆ ಹೋಗಿದ್ದು. ಆಮೇಲೆ ಅಲ್ಲಿನ ನಿಯಮಗಳೇ ಬದಲಾದವು. ಇದನ್ನು ಓದಿ ನನ್ನ ಕೈ ತಣ್ಣಗಾಯ್ತು. ಎರಡು ಸ್ವೆಟರ್, ರೈನ್‌ಕೋಟು, ಬ್ಯಾರನ್ನಿನ ಒಲೆ. ಬಿಸಿ ಕೋಣೆಗೂ ಇದಕ್ಕೂ ಏನು ವ್ಯತ್ಯಾಸ? 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ಅಮನ್ ಸೆಹ್ರಾವತ್ ಹತ್ತು ಗಂಟೆಯಲ್ಲಿ 4.6 ಕೆಜಿ ಇಳಿಸಿ ಕಂಚು ಗೆದ್ದರು ಅಂತ ಪತ್ರಿಕೆಗಳು ಬರೆದವು. ಅವರದೂ 57 ಕೆಜಿಯೇ. ಅವರ ಸುತ್ತ ಪರಿಣತರ ತಂಡ ಇತ್ತು. ನನ್ನ ತಮ್ಮನಿಗೆ ಆ ಸಾಹಸ ಮಾತ್ರ ಮೊಬೈಲಿನಲ್ಲಿ ಸಿಕ್ಕಿತ್ತು, ತಂಡ ಸಿಕ್ಕಿರಲಿಲ್ಲ.

ಹಾಗಂತ ಗರಡಿ ಕಾಲವೇ ಸ್ವರ್ಗ ಅಂತ ನಾನು ಹೇಳಲ್ಲ. ಅಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲಿರಲಿಲ್ಲ. ಹಾಲು, ತುಪ್ಪ, ಬಾದಾಮಿ ಎಲ್ಲರ ಮನೆಯಲ್ಲೂ ಇರಲಿಲ್ಲ. ಎಷ್ಟೋ ಪೈಲ್ವಾನರು ವಯಸ್ಸಾದ ಮೇಲೆ ಕೇಳೋರಿಲ್ಲದೆ ಹೋದರು. ಕುಸ್ತಿ ಬಿಟ್ಟ ಮೇಲೂ ಊಟ ಬಿಡದೆ ನಮ್ಮ ತಾತ ಸಕ್ಕರೆ ಕಾಯಿಲೆ ತಂದುಕೊಂಡರು. 'ಕಡ್ಡಿ ಪೈಲ್ವಾನ್' ಅನ್ನೋ ಹೀಯಾಳಿಕೆ ಹುಟ್ಟಿದ್ದೂ ಅಮೆರಿಕದಲ್ಲಲ್ಲ, ನಮ್ಮಲ್ಲೇ. ಆದರೂ ಅಲ್ಲಿ ಒಂದು ವಸ್ತು ಇತ್ತು, ಅದನ್ನು ಮಾತ್ರ ನಾವು ಕಳಕೊಂಡ್ವಿ ಅನ್ನಿಸತ್ತೆ. ಮೈ ಅನ್ನೋದು ಒಬ್ಬನೇ ಬಾಗಿಲು ಹಾಕಿಕೊಂಡು ನೋಡೋ ಚಿತ್ರ ಆಗಿರಲಿಲ್ಲ. ಹತ್ತು ಜನರ ಮಧ್ಯೆ ಮಣ್ಣು ಮಾಡಿಕೊಂಡು, ಬಿದ್ದು, ಎಬ್ಬಿಸಿಕೊಂಡು ಬಳಸೋ ಸಾಮಾನಾಗಿತ್ತು. ಮುದುಡಿದ ಕಿವಿ ಕೂಡ ಅಲ್ಲಿ ಸರ್ಟಿಫಿಕೇಟ್ ಆಗಬಹುದಿತ್ತು.

ಈಗ ತಮ್ಮನ ಕಥೆಗೆ ಬರ್ತೀನಿ. ಹಬ್ಬದ ದಿನ ಬೆಳಿಗ್ಗೆ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಹೊಡೀತಾರೇನೋ ಅಂತ ಹೆದರಿದ್ದೆ. ಚಿಕ್ಕಪ್ಪ ಸುಮ್ಮನೆ ಅವನ ಪಕ್ಕ ಕೂತು, ಒಬ್ಬಟ್ಟು ಮುರಿದು ತಟ್ಟೆಗೆ ಹಾಕಿ, "ತಿನ್ನಪ್ಪ, ಕುಸ್ತಿ ಮುಂದಿನ ವರ್ಷಾನೂ ಇರ್ತದೆ" ಅಂದರು, ಅಷ್ಟೇ. ನಾನು ಅವನ ತರಬೇತುದಾರರಿಗೆ ಫೋನ್ ಮಾಡಿದೆ. ಅವರಿಗೆ ಇವನು ನೀರು ಬಿಟ್ಟಿದ್ದೇ ಗೊತ್ತಿರಲಿಲ್ಲ, ಗಾಬರಿಯಾದರು. 61 ಕೆಜಿಯಲ್ಲಿ ಆಡಲಿ ಬಿಡಿ ಅಂದರು.

ಆಯ್ಕೆಗೆ ನಾನೂ ಹೋಗಿದ್ದೆ. ಮೊದಲ ಕುಸ್ತಿ ಗೆದ್ದ. ಎರಡನೆಯದರಲ್ಲಿ ಅವನಿಗಿಂತ ಚೂರು ಗಿಡ್ಡ ಇದ್ದ ಎಚ್.ಡಿ.ಕೋಟೆ ಕಡೆಯ ಹುಡುಗನೊಬ್ಬ ಸಲೀಸಾಗಿ ಎತ್ತಿ ಹಾಕಿದ. ಆ ಹುಡುಗನ ತೋಳು ಇವನದಕ್ಕಿಂತ ಸಣ್ಣ. ವಾಪಸ್ ಬರ್ತಾ ಬೈಕಿನಲ್ಲಿ ತಮ್ಮ ಬಹಳ ಹೊತ್ತು ಮಾತಾಡಲಿಲ್ಲ. ದಾರಿಯಲ್ಲಿ ಗೊಮ್ಮಟಗಿರಿ ಕಡೆ ತಿರುಗಿಸಿದೆ. ಮೆಟ್ಟಿಲು ಹತ್ತಿ ಮೇಲೆ ಹೋಗಿ ಇಬ್ಬರೂ ಸುಮ್ಮನೆ ಕೂತ್ವಿ. ಅವನು ಮೂರ್ತಿಯನ್ನು ಕೆಳಗಿಂದ ಮೇಲೆ ನೋಡಿ, "ಅಣ್ಣ, ಇವ್ನು ಕುಸ್ತಿಲಿ ಗೆದ್ದೋನಾ? ಒಂದ್ ಕಟ್ಟೂ ಇಲ್ವಲ್ಲ ಮೈಲಿ" ಅಂದ. ನಾನು ನಕ್ಕೆ. ಅವನೂ ನಕ್ಕ.

ಇದರಿಂದ ಅವನು ಬದಲಾಗಿಬಿಟ್ಟ ಅಂತ ಬರೆದರೆ ಸುಳ್ಳಾಗತ್ತೆ. ಆ ಫೋಟೋ ಈಗಲೂ ಫೋನಿನಲ್ಲಿ ಇರಬಹುದು. ಇಂಜೆಕ್ಷನ್ ವಿಷಯ ಮಾತ್ರ ನೇರವಾಗಿ ಮಾತಾಡಿದ್ದೀವಿ. ಹೃದಯಕ್ಕೆ, ಲಿವರ್‌ಗೆ, ಮುಂದೆ ಮಕ್ಕಳಾಗೋದಕ್ಕೆ ಏನೇನು ತೊಂದರೆ ಅಂತ ಪರಿಚಯದ ಡಾಕ್ಟರ್ ಕೈಲೇ ಹೇಳಿಸಿದೆ. ವಾರಕ್ಕೊಂದು ಸಲ ಫೋನ್ ಮಾಡ್ತೀನಿ. ತೂಕ ಎಷ್ಟು ಅಂತ ಕೇಳಲ್ಲ, ಇವತ್ತು ಯಾವ ಪಟ್ಟು ಕಲಿತೆ ಅಂತ ಕೇಳ್ತೀನಿ. ಈಗ ಹತ್ತು ನಿಮಿಷ ನಿಲ್ಲಿಸದೆ ಹೇಳ್ತಾನೆ, ನನಗೆ ಅರ್ಧ ಅರ್ಥ ಆಗಲ್ಲ.

ಬೆಂಗಳೂರಿಗೆ ಹೊರಡೋ ದಿನ ಬ್ಯಾರನ್ನಿನಿಂದ ಸೊಪ್ಪು ಇಳಿಸ್ತಿದ್ದರು. ಒಳಗಿನ್ನೂ ಕಾವಿತ್ತು. ತಮ್ಮ ಒಂದು ಸಲ ನನ್ನ ಕಡೆ ನೋಡಿ, ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿ ಒಳಗೆ ಹೋದ. ನಾನೂ ಬಿಚ್ಚಿದೆ. ಚಿಕ್ಕಮ್ಮ ನಮ್ಮಿಬ್ಬರನ್ನೂ ನೋಡಿ, "ಅಯ್ಯೋ, ಎರಡು ಕಡ್ಡಿ ಪೈಲ್ವಾನ್ರು!" ಅಂತ ನಕ್ಕರು. ಯಾಕೋ ಆವತ್ತು ಬೇಜಾರಾಗಲಿಲ್ಲ.

ನಿಮ್ಮೂರಲ್ಲೂ ಗರಡಿ ಇತ್ತಾ? ನಿಮ್ಮ ಮನೆ ಗೋಡೆ ಮೇಲೂ ಲಂಗೋಟಿ ತಾತನ ಫೋಟೋ ಇದೆಯಾ? ಇದ್ದರೆ ಬರೀರಿ, ಓದೋಕೆ ಕಾಯ್ತಿರ್ತೀನಿ.